ಐದನೇ ಕಂತಿನಲ್ಲಿ ಕೂತವರು

ಬಸವೇಶ್ವರನಗರ, ಬೆಂಗಳೂರು
11 ಆಗಸ್ಟ್ 2018, ಶನಿವಾರ

ಪ್ರೀತಿಯ ಶಾಂತಾ,

ಹೇಗಿದ್ದೀಯ? ಮಂಡಿಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಇಲ್ಲೇ ಬಿಟ್ಟು ಹೋಗಿದ್ದೀಯ. ಅಲ್ಲಿ ದಾವಣಗೆರೆಯಲ್ಲಿ ಬೇರೆ ತರಿಸಿಕೊಂಡೆಯೋ, ಇಲ್ಲ ನೋವು ನುಂಗಿಕೊಂಡು ಓಡಾಡುತ್ತಿದ್ದೀಯೋ? ಎರಡನೆಯದೇ ಇರಬೇಕು, ನಿನ್ನನ್ನು ನಾನು ಬಲ್ಲೆ. ಚೈತನ್ಯಾಳ ಸೊಂಟನೋವು ಕಡಿಮೆಯಾಯಿತೆ? ಕೂಸು ಈಗ ಬೆಳಕಿನ ಕಡೆ ತಿರುಗಿ ನೋಡುತ್ತದೆಯೆ? ಮಗಳು ತವರಿಗೆ ಬರುವುದು ಬಿಟ್ಟು ತಾಯಿಯೇ ಬೀಗರ ಮನೆಗೆ ಹೋಗಿ ಬಾಣಂತನ ಮಾಡುವ ಕಾಲ ಬಂತು ಎಂದು ನೀನು ಹೊರಡುವಾಗ ಗೊಣಗಿದ್ದೆ. ಡಾಕ್ಟರು ಪ್ರಯಾಣ ಬೇಡ ಎಂದ ಮೇಲೆ ಯಾರೇನು ಮಾಡುವುದು. ನನ್ನ ಬಗ್ಗೆ ಚಿಂತೆ ಬೇಡ. ಮಧ್ಯಾಹ್ನ ಅನ್ನ ಸಾರು ಮಾಡಿಕೊಳ್ಳುತ್ತೇನೆ, ಸಂಜೆ ದರ್ಶಿನಿಯಲ್ಲಿ ಎರಡು ಇಡ್ಲಿ. ರೊಟ್ಟಿಯ ಆಸೆ ಮಾತ್ರ ಬಿಟ್ಟಿದ್ದೇನೆ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತಾರು ವರ್ಷ ನಕ್ಷೆ ಬರೆದವನಿಗೆ ಒಂದು ರೊಟ್ಟಿಯನ್ನು ದುಂಡಗೆ ತಟ್ಟಲು ಬರಲಿಲ್ಲ ಎಂದು ನೀನು ನಗಬಹುದು, ನಗು.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಈ ವಾರ ಮೂರು ಸಲ ಕೇಳಲು ಹೊರಟೆ. ಮೂರು ಸಲವೂ ನೀನು ಸ್ಪೀಕರ್ ಹಾಕಿಕೊಂಡಿದ್ದೆ. ಒಂದು ಸಲ ಬೀಗತಿ ಮಾತಾಡಿದರು, ಒಂದು ಸಲ ಕೂಸು ಅತ್ತಿತು, ಮೂರನೆಯ ಸಲ ‘ಐದನೇ ಕಂತು’ ಎಂಬ ಎರಡು ಪದ ನನ್ನ ಬಾಯಿಂದ ಹೊರಬಿದ್ದ ಕೂಡಲೇ ನೀನು ‘ಆಮ್ಯಾಲೆ ಮಾತಾಡೂಣು’ ಎಂದು ಇಟ್ಟೇಬಿಟ್ಟೆ. ಕೂಸು ಆಗ ಅಳುತ್ತಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಮತ್ತೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹಾಗೆ ಸಾಲಾಗಿ ಬರೆದರಾದರೂ ನನ್ನ ತಲೆಯಲ್ಲಿರುವ ಗೊಂದಲ ಬಿಡಿಸಿಕೊಳ್ಳುತ್ತದೋ ನೋಡೋಣ.

ಅಂದು ನಮ್ಮ ಮನೆಯಲ್ಲೇ ಶೂಟಿಂಗ್ ಆಗಿದ್ದ ‘ಎಂಟನೇ ಮುಖ್ಯರಸ್ತೆ’ ಧಾರಾವಾಹಿಯ ಡಿವಿಡಿ ಬಂತು. ಹದಿಮೂರು ಕಂತು, ನಾಲ್ಕು ಡಿಸ್ಕು, ಒಳ್ಳೆಯ ಗಟ್ಟಿ ಡಬ್ಬಿ. ಮೇಲೆ ‘ಶುದ್ಧೀಕರಿಸಿದ ಚಿತ್ರ, ಶುದ್ಧೀಕರಿಸಿದ ಧ್ವನಿ’ ಎಂದು ಬಂಗಾರದ ಅಕ್ಷರದಲ್ಲಿ ಹಾಕಿದ್ದಾರೆ. ನಮ್ಮ ಅಳಿಯ ಚನ್ನವೀರೇಶ್ ಇಪ್ಪತ್ತಾರನೇ ತಾರೀಖು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೋಡೆಯ ಮೇಲೆ ಅವ್ವನ ದೃಶ್ಯ ತೋರಿಸುತ್ತೇನೆ, ಮುತ್ತಜ್ಜಿಯನ್ನು ಎಲ್ಲರೂ ನೋಡಲಿ ಎಂದನಲ್ಲ, ಅದಕ್ಕೇ ತರಿಸಿದ್ದು. ಅವ್ವನದು ಪಿಂಚಣಿ ಪುಸ್ತಕದ ಆ ಉಗುರಿನಷ್ಟು ಫೋಟೊ ಬಿಟ್ಟರೆ ಇನ್ನೇನು ಇದೆ ನಮ್ಮ ಹತ್ತಿರ? ನಾನು ಅಂದು ವಿಸಿಆರ್‌ನಲ್ಲಿ ಹಿಡಿದಿಟ್ಟ ಕ್ಯಾಸೆಟ್ಟು ಇದೆ, ಆದರೆ ಅದರಲ್ಲಿ ಮನುಷ್ಯರಿಗಿಂತ ಗೆರೆಗಳೇ ಜಾಸ್ತಿ.

ಮೊದಲ ಡಿಸ್ಕು ಹಾಕಿದೆ. ಯಾರಿಗೂ ತಲೆ ಇಲ್ಲ! ನಾಯಕನಿಗೆ ಹುಬ್ಬಿನ ತನಕ ಮುಖ, ಅವನ ಅಪ್ಪನಿಗೆ ಮೂಗಿನ ತನಕ. ನಿಂತವರ ಕಾಲೂ ಇಲ್ಲ. ನಮ್ಮ ಮನೆಯ ಗೇಟು ಕೂಡ ಅರ್ಧ. ಅಳತೆಪಟ್ಟಿ ತಂದು ಟಿವಿ ಮೇಲೆ ಇಟ್ಟು ಅಳೆದೆ, ಹೊರಗೆ ಹೋಗಿ ಗೇಟನ್ನೂ ಅಳೆದೆ, ಮೇಲೆ ಕೆಳಗೆ ಸೇರಿ ಕಾಲುಭಾಗ ಚಿತ್ರ ಕತ್ತರಿಸಿದ್ದಾರೆ ಎಂದು ಲೆಕ್ಕ ಬಂತು. ಇಂದಿನ ಅಗಲ ಟಿವಿಗೆ ಹೊಂದಿಸಲು ಹಳೆಯವರ ತಲೆ ತೆಗೆದಿದ್ದೀರಿ, ನಾಚಿಕೆಯಾಗಬೇಕು ಎಂದು ಕಂಪನಿಗೆ ಎರಡು ಪುಟ ಬರೆದೆ. ಎದುರುಮನೆಯ ಮುನಿರಾಮಯ್ಯ ಬಂದು ನೋಡಿ, ‘ಏನ್ ಸಾರ್, ಎಲ್ಲಾ ರುಂಡ ಇಲ್ದೆ ಮಾತಾಡ್ತಾವ್ರೆ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನ ಸೊಸೆ ಲತಾ ಸಾರಿನ ಪಾತ್ರೆ ಕೊಡಲು ಬಂದವಳು ರಿಮೋಟು ತೆಗೆದುಕೊಂಡು ಒಂದು ಬಟನ್ ಒತ್ತಿದಳು. ಚಿತ್ರ ಚೌಕವಾಯಿತು. ಎಲ್ಲರಿಗೂ ತಲೆ ಬಂತು. ‘ಝೂಮ್ ಆಗಿತ್ತು ಅಂಕಲ್, ಅಷ್ಟೇ’ ಎಂದಳು. ಕಂಪನಿಗೆ ಬರೆದ ಎರಡು ಪುಟವನ್ನು ಹರಿದುಹಾಕಿದೆ. ಈ ಸಂಗತಿಯನ್ನು ಬೀಗರ ಎದುರು ಓದಿ ಹೇಳಬೇಡ.

ಚಿತ್ರ ಮಾತ್ರ ಎಷ್ಟು ಚೆನ್ನಾಗಿದೆ ಎನ್ನುತ್ತೀಯ. ಬೆಳ್ಳಗಾಗಿದ್ದ ಆಕಾಶ ನೀಲಿ ಆಗಿದೆ. ನಮ್ಮ ಕಾಂಪೌಂಡಿನ ಮೇಲೆ ನಾನು ಅಂದು ಇದ್ದಿಲಿನಲ್ಲಿ ಬರೆದಿದ್ದ ಮನೆ ನಂಬರ್ ಓದಲು ಬರುತ್ತದೆ. ರಸ್ತೆಯಲ್ಲಿ ಮರಗಳಿಲ್ಲ, ಎದುರಿಗೆ ಮುನಿರಾಮಯ್ಯನ ರಾಗಿ ಹೊಲ, ಒಂದು ಎಮ್ಮೆ. ಹೊಲವನ್ನು ನೋಡಿ ಅವನೂ ನಗುವುದು ಬಿಟ್ಟು ಕುರ್ಚಿಯನ್ನು ಟಿವಿ ಹತ್ತಿರಕ್ಕೆ ಎಳೆದುಕೊಂಡ. ಮಹಡಿಯ ಮೇಲೆ ಬಾಡಿಗೆಗಿದ್ದ ರುದ್ರಮುನಿ ಆ ಧಾರಾವಾಹಿಗೆ ಸಹಾಯಕ ನಿರ್ದೇಶಕನಾಗಿರದಿದ್ದರೆ ಇದು ಯಾವುದೂ ಉಳಿಯುತ್ತಿರಲಿಲ್ಲ. ಆರು ದಿನ ನಮ್ಮ ಮನೆಯನ್ನು ಶೂಟಿಂಗಿಗೆ ಕೊಟ್ಟಿದ್ದೆವು, ನೀನು ಆರು ದಿನವೂ ಹಿಂದಿನ ಬಾಗಿಲಿಂದಲೇ ಓಡಾಡಿದ್ದೆ.

ಇನ್ನು ಐದನೇ ಕಂತಿಗೆ ಬರುತ್ತೇನೆ. ಮದುಮಗಳು ಗಂಡನ ಮನೆ ಹೊಸಿಲು ದಾಟಿ ಬರುವ ದೃಶ್ಯ. ಕಟ್ಟೆಯ ಮೇಲೆ ಹೊಸಿಲಿನ ಪಕ್ಕದಲ್ಲೇ ಮನೆಯ ಹಿರಿಯಳು ತಲೆ ಮೇಲೆ ಸೆರಗು ಹೊದ್ದು, ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿರಬೇಕು, ಮಾತೇನೂ ಇಲ್ಲ. ರುದ್ರಮುನಿ ನಿಮ್ಮ ಅವ್ವನೇ ಕೂತರೆ ಚೆನ್ನ ಎಂದಿದ್ದ. ಅವ್ವ ಒಪ್ಪಲಿಲ್ಲ. ಅಪ್ಪ ಹೋದ ಮೇಲೆ ಒಂದು ಮದುವೆಯ ಮುಂದಿನ ಸಾಲಿನಲ್ಲಿ ನಿಂತವಳಲ್ಲ ಅವಳು. ಸುಳ್ಳುಸುಳ್ಳೇ ಮದುವೆಯಾದರೂ ಹೊಸದಾಗಿ ಬರುವ ಹೆಣ್ಣಿನ ಎದುರು ತಾನು ಕೂರಬಾರದು ಎಂದಳು. ನಾನು ಒಂದು ವಾರ ಅವಳ ಬೆನ್ನು ಬಿದ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಎಲ್ಲಿಯ ಮೈಲಿಗೆ, ಎಲ್ಲಿಯ ಅಪಶಕುನ, ಶರಣರು ಹೇಳಿದ್ದು ಗೋಡೆಗೆ ತೂಗುಹಾಕಲಿಕ್ಕಾ ಎಂದೆಲ್ಲ ವಾದಿಸಿದೆ. ಕೊನೆಗೆ ‘ಆತು ತಗೋ’ ಎಂದಳು. ಆ ದಿನ ನನ್ನನ್ನು ಇಲಾಖೆಯವರು ಮಾಗಡಿ ರಸ್ತೆಯ ಸೇತುವೆ ಅಳತೆಗೆ ಕಳಿಸಿದ್ದರು. ಸಂಜೆ ಬಂದು ಕೂತೆಯೇನವ್ವಾ ಎಂದು ಕೇಳಿದೆ. ಅವ್ವ ‘ಎಲ್ಲಾ ಆತು’ ಎಂದಳು. ನೀನು ತಲೆ ತಗ್ಗಿಸಿ ತಟ್ಟೆಗೆ ಪಲ್ಯ ಬಡಿಸುತ್ತಿದ್ದೆ. ನನಗೆ ಆ ದಿನ ಎಷ್ಟು ಖುಷಿಯಾಗಿತ್ತು ಎಂದರೆ ಪಲ್ಯ ಯಾವುದು ಎಂದು ಕೂಡ ನೋಡಲಿಲ್ಲ.

ಆಮೇಲೆ ಅದು ಟಿವಿಯಲ್ಲಿ ಬಂತು. ಮಸುಕು ಮಸುಕಾಗಿ ಅವ್ವನ ಕಂದು ಇಳಕಲ್ ಸೀರೆ, ತಗ್ಗಿಸಿದ ತಲೆ, ಮೊರ. ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಯಾವ ಮದುವೆಯಲ್ಲೂ ಮುಂದೆ ಬಾರದ ನನ್ನ ತಾಯಿ ಇಡೀ ರಾಜ್ಯದ ಎದುರು ಹೊಸಿಲ ಬಳಿ ಕೂತಿದ್ದಾಳೆ ನೋಡಿ ಎಂದೆ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಹೇಳುತ್ತಾ ಬಂದೆ. ಆಫೀಸಿನಲ್ಲಿ ಹೇಳಿದೆ, ಚೈತನ್ಯಾಳಿಗೆ ಕಥೆಯ ಹಾಗೆ ಹೇಳಿದೆ, ಮೊನ್ನೆ ನಿವೃತ್ತಿಯ ದಿನ ಮೈಕು ಕೊಟ್ಟಾಗಲೂ ಅದನ್ನೇ ಹೇಳಿದೆ. ನೀನು ಮೂರನೆಯ ಸಾಲಿನಲ್ಲಿ ಕೂತು ಕೈಚೀಲದ ಜಿಪ್ಪು ಹಾಕುತ್ತಿದ್ದೆ, ತೆಗೆಯುತ್ತಿದ್ದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ಧೈರ್ಯದ ಕೆಲಸ ಅದು ಎಂದು ನಂಬಿದ್ದೆ, ಶಾಂತಾ. ಸೇತುವೆಗಳ ನಕ್ಷೆಯನ್ನು ಬೇರೆ ಯಾರಾದರೂ ಬರೆಯುತ್ತಿದ್ದರು.

ಡಿವಿಡಿಯಲ್ಲಿ ಆ ದೃಶ್ಯ ಬಂದಾಗ ನಿಲ್ಲಿಸಿದೆ. ಮೊರ ಹಿಡಿದ ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆ.

ಅಪ್ಪ ಹೋದ ದಿನದಿಂದ ಅವ್ವನ ಕೈ ಬರಿದು. ನಿನಗೆ ನಾನು ಹೇಳಬೇಕಾದ್ದಿಲ್ಲ. ಕ್ಯಾಸೆಟ್ಟಿನಲ್ಲಿ ಅಲ್ಲಿ ಹಸಿರು ಕಲೆ ಇದ್ದದ್ದು ನಿಜ, ಪಕ್ಕದ ಕ್ರೋಟನ್ ಕುಂಡದ ಬಣ್ಣ ಹರಡಿದೆ ಎಂದುಕೊಂಡಿದ್ದೆ. ಈಗ ಕುಂಡ ಬೇರೆ, ಬಳೆ ಬೇರೆ. ಎಣಿಸಲೂ ಬಂತು, ಬಲಗೈಗೆ ಆರು, ಎಡಗೈಗೆ ಐದು. ನನಗೆ ಮೊದಲು ಬಂದದ್ದು ಕೋಪ. ಶುದ್ಧೀಕರಣ ಎಂದು ಇವರು ಬಣ್ಣ ಬಳಿದು ನನ್ನ ಅವ್ವನ ಕೈಗೆ ಬಳೆ ತೊಡಿಸಿದ್ದಾರೆ ಎಂದು ನೇರವಾಗಿ ಕಂಪನಿಗೇ ಫೋನು ಮಾಡಿದೆ. ಅರುಣ್ ಕುಮಾರ್ ಎಂಬ ಸಮಾಧಾನದ ಮನುಷ್ಯ ಮಾತಾಡಿದ. ತಾವು ಗೀರು ತೆಗೆದಿದ್ದೇವೆ, ಮಾಸಿದ ಬಣ್ಣ ಎತ್ತಿದ್ದೇವೆ, ಗುಂಯ್ ಎನ್ನುವ ಸದ್ದು ಇಳಿಸಿದ್ದೇವೆ, ಹೊಸದಾಗಿ ಏನನ್ನೂ ಬರೆದಿಲ್ಲ ಎಂದ. ‘ಟೇಪಲ್ಲಿ ಏನಿತ್ತೋ ಅದೇ ಸಾರ್, ನಾವು ಒರೆಸಿದೀವಿ ಅಷ್ಟೇ’ ಎಂದ. ನನಗೆ ನಂಬಿಕೆ ಬರಲಿಲ್ಲ. ನಮ್ಮ ಹಳೆಯ ಕ್ಯಾಸೆಟ್ಟು ಎತ್ತಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಅಲ್ಲಿ ಗಾರ್ಮೆಂಟ್ಸಿನ ಹಿಂದಿನ ಓಣಿಯಲ್ಲಿ ಮಧುಕುಮಾರ್ ಎಂಬವನು ಇನ್ನೂ ವಿಸಿಆರ್ ಇಟ್ಟುಕೊಂಡು ಮದುವೆ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಹಾಕಿಕೊಡುತ್ತಾನೆ. ಬೂಷ್ಟು ಹಿಡಿದಿದ್ದ ಟೇಪನ್ನು ಅವನು ಒರೆಸಿ, ನಿಧಾನವಾಗಿ ಒಂದೊಂದೇ ಚಿತ್ರ ಸರಿಸಿ ತೋರಿಸಿದ. ಮಸುಕು ನಿಜ. ಆದರೆ ಮೊರ ಮೇಲೆ ಹೋದಾಗ ಹಸಿರು ಕಲೆಯೂ ಮೇಲೆ ಹೋಗುತ್ತದೆ, ಕೆಳಗೆ ಬಂದಾಗ ಕೆಳಗೆ. ಕ್ರೋಟನ್ ಕುಂಡ ಹಾಗೆ ಕುಣಿಯುವುದಿಲ್ಲವಲ್ಲ. ಇಪ್ಪತ್ತೊಂಬತ್ತು ವರ್ಷ ನನ್ನ ಕಣ್ಣೆದುರೇ ಕುಣಿಯುತ್ತಿದ್ದುದನ್ನು ನಾನು ಕುಂಡ ಎಂದುಕೊಂಡಿದ್ದೆ.

ವಾಪಸು ಬಂದು ನನಗೆ ಗೊತ್ತಿರುವ ಕೆಲಸ ಮಾಡಿದೆ. ಬಾಗಿಲ ಚೌಕಟ್ಟು ಇನ್ನೂ ಅದೇ ಇದೆ, ಅದರ ಅಳತೆ ತೆಗೆದೆ, ಚಿತ್ರದಲ್ಲಿ ಕೂತವಳ ತಲೆ ಎಲ್ಲಿಗೆ ಮುಟ್ಟುತ್ತದೆ ಎಂದು ಗುರುತು ಹಾಕಿದೆ. ಅವ್ವ ಗಿಡ್ಡ. ಅದೇ ಜಾಗದಲ್ಲಿ ಅವಳು ಸಂಜೆ ಕೂತಾಗ ತಲೆಯು ಚೌಕಟ್ಟಿನ ಕೆಳಗಿನ ಹಿತ್ತಾಳೆ ಬಿಲ್ಲೆಗೆ ಬರುತ್ತಿತ್ತು. ಇವಳದು ಅದಕ್ಕಿಂತ ಒಂದು ಗೇಣು ಮೇಲೆ. ಸರಿ, ಅವ್ವ ಅಲ್ಲ. ಹಾಗಾದರೆ ಯಾರು? ಶೂಟಿಂಗಿನವರ ಪೈಕಿ ಯಾರೋ ಹೆಂಗಸಿಗೆ ಅವ್ವನ ಸೀರೆ ಉಡಿಸಿದರೋ? ಅವ್ವ ಉಟ್ಟ ಸೀರೆಯನ್ನು ಪರರಿಗೆ ಕೊಡುವವಳಲ್ಲ. ಅಳತೆಪಟ್ಟಿ ಪಕ್ಕಕ್ಕಿಟ್ಟು ಸುಮ್ಮನೆ ನೋಡುತ್ತಾ ಕೂತೆ. ಆ ಹೆಂಗಸು ಮೂರು ಸಲ ಅಕ್ಕಿ ಕೇರುತ್ತಾಳೆ, ನಿಲ್ಲಿಸುತ್ತಾಳೆ, ಬಲ ಮಣಿಕಟ್ಟಿನಿಂದ ಮೂಗು ಒರೆಸಿಕೊಳ್ಳುತ್ತಾಳೆ. ಮತ್ತೆ ಮೂರು ಸಲ. ಮತ್ತೆ ಮೂಗು.

ಅಕ್ಕಿಯ ಧೂಳಿಗೆ ಮೂಗು ತುರಿಸುವುದು ಈ ಮನೆಯಲ್ಲಿ ಯಾರಿಗೆ ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಮೊನ್ನೆ ನೀನು ದಾವಣಗೆರೆಗೆ ಹೊರಡುವ ಹಿಂದಿನ ದಿನವೂ ನೋಡಿದ್ದೇನೆ.

ನನಗೆ ಈಗ ಏನನ್ನಿಸುತ್ತಿದೆ ಎಂದು ಸರಿಯಾಗಿ ಬರೆಯಲು ಆಗುತ್ತಿಲ್ಲ. ಕೋಪ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅವ್ವನ ಮೇಲೆ ಕೋಪ ಮಾಡಿಕೊಂಡರೆ ಅವಳು ಹೋಗಿ ಇಪ್ಪತ್ತೈದು ವರ್ಷವಾಯಿತು. ನಿನ್ನ ಮೇಲೆ ಮಾಡಿಕೊಳ್ಳೋಣ ಎಂದರೆ ನೀನು ಆಗ ಇಪ್ಪತ್ತಮೂರರ ಹುಡುಗಿ, ಅತ್ತೆ ಹೇಳಿದ್ದನ್ನು ಮಾಡಿದ್ದೀಯ. ಆಮೇಲಿನ ವರ್ಷಗಳಲ್ಲಿ ಹೇಳಬಹುದಿತ್ತಲ್ಲ ಎಂದರೆ, ನಾನು ಪ್ರತಿ ಸಲ ಅಷ್ಟು ಉಬ್ಬಿ ಹೇಳುವಾಗ ಯಾವ ಹೆಂಡತಿ ತಾನೇ ನಡುವೆ ಬಾಯಿ ಹಾಕುತ್ತಾಳೆ. ನನ್ನ ಮೇಲೆಯೇ ಕೋಪ ಬಂತು. ಅವ್ವ ಒಪ್ಪಿದ್ದು ನನ್ನ ವಾದಕ್ಕೆ ಅಲ್ಲ, ನನ್ನ ಕಾಟ ತಪ್ಪಿಸಿಕೊಳ್ಳಲಿಕ್ಕೆ. ಅವಳ ಭಯ ಎಷ್ಟು ಆಳಕ್ಕೆ ಇತ್ತು ಎಂದು ನಾನು ಒಂದು ಸಲವೂ ಕೇಳಲಿಲ್ಲ, ಬರೀ ಭಾಷಣ ಮಾಡಿದೆ. ಇದನ್ನು ಬರೆಯುವಾಗ ಕಣ್ಣು ತುಂಬಿ ಬರುತ್ತಿದೆ. ಆದರೆ ನಗುವೂ ಬರುತ್ತದೆ. ನನ್ನ ಹೆಂಡತಿ ರಾಜ್ಯದ ಎದುರು ಟಿವಿಯಲ್ಲಿ ಬಂದಿದ್ದಾಳೆ, ನಾನು ಅವಳ ಎದುರಿಗೇ ಇವಳು ನನ್ನ ತಾಯಿ ಎಂದು ಬೀದಿಗೆಲ್ಲ ತೋರಿಸಿದ್ದೇನೆ. ನೀನು ಅಂದು ಎಲ್ಲರಿಗೂ ಚುರುಮುರಿ ಹಂಚುತ್ತಿದ್ದೆ. ಚುರುಮುರಿ ತಟ್ಟೆ ಹಿಡಿದ ಕೈಯಲ್ಲೂ ಅದೇ ಬಳೆ ಇದ್ದಿರಬೇಕು, ನೋಡಿದವರು ಯಾರು.

ಮುನಿರಾಮಯ್ಯನಿಗೆ ಹೇಳಿದೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಅವನು ‘ಸಾರ್, ದೊಡ್ಡಮ್ಮಾವ್ರು ಒಳಗಿದ್ರಲ್ಲ, ಮನೇಲೇ ಇದ್ರಲ್ಲ, ಇನ್ನೇನ್ ಬೇಕು ಬಿಡಿ’ ಎಂದ. ಅದು ಸಮಾಧಾನವೋ ಅಲ್ಲವೋ ನನಗೆ ಅರ್ಥವಾಗಿಲ್ಲ. ಈಗ ಇಪ್ಪತ್ತಾರನೇ ತಾರೀಖಿನ ಮಾತು. ಚನ್ನವೀರೇಶ್ ಮುತ್ತಜ್ಜಿ ಎಂದು ಹೆಸರು ಹಾಕಿ, ಹಿಂದೆ ಸಂಗೀತ ಜೋಡಿಸಿ, ಎಲ್ಲ ಸಿದ್ಧ ಮಾಡುತ್ತಿದ್ದಾನೆ. ಡಿಸ್ಕು ಕಳಿಸಿ ಮಾವಾ ಎಂದು ದಿನಕ್ಕೆರಡು ಸಲ ಮೆಸೇಜು. ಅದನ್ನು ಹಾಗೇ ಬಿಟ್ಟರೆ ನಾನು ತಿಳಿದೂ ತಿಳಿದೂ ಸುಳ್ಳು ಹೇಳಿದಂತೆ, ಇಷ್ಟು ದಿನ ತಿಳಿಯದೆ ಹೇಳಿದ್ದೆ. ಬೇಡ ಎಂದರೆ ಕೂಸಿಗೆ ತೋರಿಸಲು ಆ ಉಗುರಿನಷ್ಟು ಫೋಟೊ ಮಾತ್ರ. ನಿಜ ಹೇಳಿದರೆ ಬಂದ ನೆಂಟರ ಎದುರು ಅವ್ವ ಒಳಗೆ ಅಡಗಿದ್ದಳು ಎಂದು ಹೇಳಿದಂತಾಗುತ್ತದೆ, ಅದನ್ನು ಅವಳು ಒಪ್ಪುತ್ತಿದ್ದಳೆ? ನನಗೆ ದಾರಿ ಕಾಣುತ್ತಿಲ್ಲ. ನೀನೇ ಹೇಳು. ತೋರಿಸುವುದೋ ಬೇಡವೋ, ತೋರಿಸಿದರೆ ಏನೆಂದು ಹೇಳುವುದು. ಫೋನಿನಲ್ಲಿ ಬೇಡ, ಒಂದು ಕಾರ್ಡಿನಲ್ಲಿ ಬರೆದರೂ ಸಾಕು. ಬಯ್ಯುವುದಿದ್ದರೆ ಅದನ್ನೂ ಬರೆ.

ನೀರಿನ ತೊಟ್ಟಿ ತೊಳೆಸಿದ್ದೇನೆ. ನಿನ್ನ ತುಳಸಿ ಗಿಡ ಚಿಗುರಿದೆ, ಕರಿಬೇವಿಗೆ ಹುಳ ಬಿದ್ದಿತ್ತು, ಲತಾ ಬಂದು ಏನೋ ಹೊಡೆದು ಹೋದಳು. ಬೀಗರಿಬ್ಬರಿಗೂ ನನ್ನ ಶರಣು ತಿಳಿಸು. ಅಳಿಯನಿಗೆ ಸದ್ಯಕ್ಕೆ ಏನೂ ಹೇಳಬೇಡ. ಚೈತನ್ಯಾ ತಣ್ಣೀರಿಗೆ ಕೈ ಹಾಕದಿರಲಿ. ಅವಳಿಗೂ ಕೂಸಿಗೂ ನನ್ನ ತುಂಬು ಆಶೀರ್ವಾದ, ಬಸವಣ್ಣ ಇಬ್ಬರನ್ನೂ ಚೆನ್ನಾಗಿಟ್ಟಿರಲಿ. ನಿನಗೆ ಏನು ಹಾರೈಸುವುದೋ ತಿಳಿಯುತ್ತಿಲ್ಲ, ಬೇಗ ಬಾ.

ನಿನ್ನವನೇ ಆದ
ಸಿದ್ದಬಸಪ್ಪ

ತಾ.ಕ.: ಕಾಗದ ಮಡಚಿ ಕೊರಿಯರ್ ಅಂಗಡಿಗೆ ಹೊರಟಿದ್ದವನು ಮತ್ತೆ ಕೂತಿದ್ದೇನೆ, ಅಕ್ಷರ ಓರೆಕೋರೆ ಆದರೆ ಓದಿಕೋ. ಪಕ್ಕದ ಸೈಟಿನಲ್ಲಿ ಬೋರು ಕೊರೆಯುತ್ತಿದ್ದಾರೆ, ಏನೂ ಕೇಳಿಸುತ್ತಿಲ್ಲ. ಹೊರಡುವ ಮುಂಚೆ ಇನ್ನೊಂದು ಸಲ ನೋಡೋಣ ಎಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಗೇಟು ಕಿರ್ ಎಂದು ತೆರೆದು ಮದುಮಗಳ ಕಾಲು ಕಾಣುವುದಕ್ಕೆ ಸ್ವಲ್ಪ ಮುಂಚೆ, ಬಾಗಿಲ ಹಿಂದಿನಿಂದ ಒಂದು ಪಿಸುಮಾತು ಇದೆ. ಕ್ಯಾಸೆಟ್ಟಿನ ಗುಂಯ್ ಸದ್ದಿನಲ್ಲಿ ಇಷ್ಟು ವರ್ಷ ಮುಚ್ಚಿಹೋಗಿತ್ತು. ‘ಸೆರಗ ಮುಂದಕ್ಕ ಎಳಕೊ, ಶಾಂತಾ.’ ಅಷ್ಟೇ. ನೀನು ಕೂಡಲೇ ಎಳೆದುಕೊಳ್ಳುತ್ತೀಯ. ಧಾರಾವಾಹಿಯಲ್ಲಿ ಶಾಂತಾ ಎಂಬ ಪಾತ್ರ ಇಲ್ಲ, ನಮ್ಮ ಕಡೆಯ ಮಾತಾಡುವವರು ಆ ತಂಡದಲ್ಲಿ ಯಾರೂ ಇರಲಿಲ್ಲ. ಅವ್ವನೇ ಇರಬೇಕು. ಹನ್ನೊಂದು ಸಲ ಕೇಳಿದೆ. ಆದರೆ ಶಾಂತಾ, ಹೋಲಿಸಿ ನೋಡೋಣ ಎಂದರೆ ಅವ್ವನ ದನಿ ನನ್ನ ನೆನಪಿಗೆ ಬರುತ್ತಿಲ್ಲ. ಅವಳು ಆಡಿದ ಮಾತೆಲ್ಲ ನೆನಪಿದೆ, ದನಿ ಹೋಗಿದೆ. ನೀನು ಏಳು ವರ್ಷ ಬೆಳಗಿನಿಂದ ಸಂಜೆಯ ತನಕ ಅವಳ ಜೊತೆ ಇದ್ದವಳು. ಡಿಸ್ಕನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಇಪ್ಪತ್ತಾರರ ಮಾತು ಆಮೇಲೆ. ಮೊದಲು ಬಾಗಿಲು ಹಾಕಿಕೊಂಡು ಒಬ್ಬಳೇ ಕೇಳು, ಅವಳದೇ ಹೌದೋ ಅಲ್ಲವೋ ಹೇಳು. ನನಗೆ ಗುರುತು ಹತ್ತಲಿಲ್ಲ ಎಂದು ಮಾತ್ರ ಚೈತನ್ಯಾಳಿಗೆ ಹೇಳಬೇಡ.